ಟವೆಲ್ಲಿನ ಕೆಳಗಿದ್ದ ನನ್ನ ಕೈ

ನನ್ನ ಅಕ್ಕನಿಗೆ ನಾನು ಮೂರು ಶಬ್ದ ಹೇಳಬೇಕಿತ್ತು. "ಎರಡು ದಿನ ತಡಿ." ಹೇಳಲಿಲ್ಲ. ಒಂಬತ್ತು ವರ್ಷವಾಯಿತು. ಈಗ ಆಕೆಗೆ ನನ್ನ ಮುಖ ಕಾಣುವುದಿಲ್ಲ.

ಇಷ್ಟು ದಿನ ಈ ಅಂಕಣದಲ್ಲಿ ಊರವರ ತಪ್ಪೆಲ್ಲ ಎತ್ತಿ ಆಡಿದ್ದೇನೆ. ನನ್ನದನ್ನು ಮಾತ್ರ ಬಚ್ಚಿಟ್ಟಿದ್ದೆ.

ಈಗ ಮತ್ತೆ ಚುನಾವಣೆ. ಯಾರಿಗೂ ಬಹುಮತ ಬರಲಿಕ್ಕಿಲ್ಲವಂತೆ, ಬೊಂಬಾಯಿಯ ಶೇರ್ ಮಾರ್ಕೆಟ್ ನಡುಗುತ್ತಿದೆಯಂತೆ, ಡಾಲರಿನ ಮುಂದೆ ರೂಪಾಯಿ ಕುಗ್ಗುತ್ತಿದೆಯಂತೆ. (ನಾಲ್ಕನೇ ಇಯತ್ತೆ ಓದಿದ ನನಗೆ ಡಾಲರಿನ ಬಣ್ಣವೂ ಗೊತ್ತಿಲ್ಲ.) ಮೊನ್ನೆ ಕೊಪ್ಪಳದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ನನ್ನನ್ನು ಹಿಡಿದು ಕೇಳಿದರು: "ಬರಿಯೋರು ನೀವು, ಹೇಳ್ರಿ. ದಿಲ್ಲಿಯೊಳಗ ಕುರ್ಚಿ ಅಳ್ಳಾಡಿದ್ರ ನಮ್ಮ ಕಿಸೆದಾಗಿನ ರೂಪಾಯಿಗೆ ಯಾಕ ಜ್ವರ ಬರತೈತಿ?"

ನಕ್ಕು ಎದ್ದು ಬಂದೆ. ಉತ್ತರ ನನಗೆ ಗೊತ್ತಿತ್ತು.

ಎಂಬತ್ತನೇ ಇಸವಿ, ಜನವರಿ. ಸರ್ಕಾರ ಬಿದ್ದು ಚುನಾವಣೆ ಬಂದಿತ್ತು. ನಾನು ಕೊಪ್ಪಳದ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಯಾರು ಬರುತ್ತಾರೋ? ಬಂದವರು ಗೋದಾಮಿಗೆ ದಾಳಿ ಮಾಡಿಸುತ್ತಾರೋ, ಶೇಂಗಾ ಎಣ್ಣೆಯ ದರ ಕಟ್ಟಿಹಾಕುತ್ತಾರೋ? ಗೊತ್ತಿಲ್ಲದಾಗ ವ್ಯಾಪಾರಿ ಏನು ಮಾಡುತ್ತಾನೆ? ಕೈಕಟ್ಟಿ ಕೂರುತ್ತಾನೆ. ಕುಷ್ಟಗಿ, ಯಲಬುರ್ಗಾ ಕಡೆಯ ಶೇಂಗಾ ಚೀಲಗಳು ಕೊಳ್ಳುವವರಿಲ್ಲದೆ ಬಿದ್ದವು. ಗಂಗಾವತಿಯ ಅಕ್ಕಿ ಗಿರಣಿಗಳೂ ಭತ್ತದವರಿಗೆ "ನಾಳೆ ಬರ್ರಿ" ಅಂದವು. ದೊಡ್ಡ ನೋಟುಗಳು ರದ್ದಾಗಿ ಆಗಿನ್ನೂ ಎರಡು ವರ್ಷ. ಈ ಸಲ ನೂರರ ನೋಟೂ ಹೋಗುತ್ತದೆ ಎಂಬ ಗಾಳಿಸುದ್ದಿ ಬೇರೆ. ನೂರರ ನೋಟು ಕಂಡರೆ ಕಿರಾಣಿ ಅಂಗಡಿಯವನೂ ಹಾವು ಕಂಡವನಂತೆ ಹಿಂದೆ ಸರಿಯುತ್ತಿದ್ದ.

ಅಂಥ ವಾರದಲ್ಲಿ ಅಕ್ಕ ತಳಕಲ್ಲಿನಿಂದ ಚಕ್ಕಡಿಯಲ್ಲಿ ಶೇಂಗಾ ತಂದಳು. ಭಾವ ತೀರಿಕೊಂಡ ಮೇಲೆ ಹೊಲ ಆಕೆಯೇ ನೋಡುತ್ತಿದ್ದಳು. ಕಣ್ಣೊಳಗಿನ ಒತ್ತಡ ಹೆಚ್ಚಿದೆ, ತಿಂಗಳೊಳಗೆ ಆಪರೇಷನ್ ಆಗಲೇಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಆ ಖರ್ಚಿಗೆ ಇದ್ದದ್ದು ಆ ಬೆಳೆಯೊಂದೇ.

ಆಕೆ ಬರುವ ಸ್ವಲ್ಪ ಮೊದಲು ಬೊಂಬಾಯಿಯಿಂದ ಟ್ರಂಕ್ ಕಾಲ್ ಬಂದಿತ್ತು. ಮತ ಎಣಿಕೆ ನಡೆದಿದೆ, ಯಾರ ಸರ್ಕಾರ ಎಂಬುದು ಖಾತ್ರಿಯಾಗಿದೆ, ಎರಡು ದಿನದಲ್ಲಿ ದರ ಏರುತ್ತದೆ, ಸಿಕ್ಕಷ್ಟು ಮಾಲು ಎತ್ತಿ ಎಂದು. ಫೋನು ಇಟ್ಟ ಅಂಗಡಿಯ ಸಾವ್ಕಾರ್ರು ಕೆಲಸದವರಾದ ನಮ್ಮನ್ನೆಲ್ಲ ನೋಡಿ ಅಂದರು: "ಯಾವನರ ಬಾಯಿ ಬಿಟ್ರ, ನಾಳಿಂದ ಈ ಮೆಟ್ಟಲಾ ಹತ್ತಂಗಿಲ್ಲ ನೋಡ್ರಿ."

ಆಗ ನಮ್ಮಲ್ಲಿ ವ್ಯಾಪಾರ ಟವೆಲ್ಲಿನ ಕೆಳಗೆ. ಕೊಳ್ಳುವವ, ಮಾರುವವ ಕೈ ಹಿಡಿದು ಮೇಲೆ ಟವೆಲ್ ಹಾಕುತ್ತಾರೆ. ಬೆರಳು ಒತ್ತಿ ದರ ಹೇಳುತ್ತಾರೆ. ಒಪ್ಪದಿದ್ದರೆ ಕೈ ಎಳೆದುಕೊಂಡರಾಯಿತು. ಹೆಂಗಸರು ಪರರ ಕೈ ಹಿಡಿಯುವುದುಂಟೇ? ಅಕ್ಕನ ಪರವಾಗಿ ನಾನೇ ಕೈ ಹಾಕಿದೆ.

ಸಾವ್ಕಾರ್ರ ಬೆರಳು ಹೇಳಿದ ದರ ಹೋದ ತಿಂಗಳಿಗಿಂತ ಕಾಲು ಭಾಗ ಕಡಿಮೆ. ಅಕ್ಕನ ಕಿವಿಗೆ ಉಸುರಿದೆ.

"ತಮ್ಮಾ, ಕೊಡಲೇನು, ತಡೀಲೇನು?"

ಸಾವ್ಕಾರ್ರು ನನ್ನನ್ನೇ ನೋಡುತ್ತಿದ್ದರು.

"ನಿನ್ನ ಮರ್ಜಿ ಅಕ್ಕಾ."

"ನನಗೇನ ತಿಳಿತೈತಿ? ನೀನು ಹ್ಞೂಂ ಅಂದ್ರ ಹ್ಞೂಂ."

ನಾನು ಹ್ಞೂಂ ಅನ್ನಲಿಲ್ಲ. ಕೈಯನ್ನೂ ಎಳೆದುಕೊಳ್ಳಲಿಲ್ಲ. ವ್ಯಾಪಾರ ಮುಗಿಯಿತು.

ಸಾವ್ಕಾರ್ರು ನೂರರ ನೋಟುಗಳನ್ನೇ ಕೊಟ್ಟರು. "ಇವು ನಡೀತಾವಲ್ರಿ?" ಎಂದು ಅಕ್ಕ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ನಡೀಲಾರದ್ದು ಕೊಡ್ತೀನೇನವಾ? ನಿನ್ನ ತಮ್ಮನ್ನ ಕೇಳು."

ನೋಟು ನಡೆದವು. ಮೂರನೆಯ ದಿನಕ್ಕೆ ಶೇಂಗಾ ದರ ಹಳೆಯದನ್ನೂ ದಾಟಿತು. ಅಕ್ಕನ ದುಡ್ಡು ಆಪರೇಷನ್ನಿಗೆ ಸಾಲಲಿಲ್ಲ. "ಮುಂದಿನ ಸುಗ್ಗಿಗೆ ನೋಡೂಣು ಬಿಡು" ಅಂದಳು. ಮುಂದಿನ ಸುಗ್ಗಿಗೆ ಹೋದಾಗ ಡಾಕ್ಟರು ತಲೆ ಅಲ್ಲಾಡಿಸಿದರು. ನರ ಒಣಗಿತ್ತು.

ಕಡಿಮೆ ಬಿದ್ದ ದುಡ್ಡನ್ನು ಸಾವ್ಕಾರ್ರ ಹತ್ತಿರ ಸಾಲ ಕೇಳಬಹುದಿತ್ತಲ್ಲ ಎನ್ನುತ್ತೀರಾ? ಅದಕ್ಕೂ ಹೆದರಿದೆ.

ಪೇಪರಿನವರು ಇದಕ್ಕೆ 'ಅನಿಶ್ಚಿತತೆ' ಎನ್ನುತ್ತಾರೆ. ದೊಡ್ಡ ಶಬ್ದ. ನಾನು ಕಂಡದ್ದು ಇಷ್ಟೇ: ಯಾರಿಗೂ ಏನೂ ಗೊತ್ತಿಲ್ಲದಾಗ ಎಲ್ಲರೂ ಹೆದರುತ್ತಾರೆ. ಆಮೇಲೆ ನಾಲ್ಕು ಮಂದಿಗೆ ಗೊತ್ತಾಗುತ್ತದೆ, ಉಳಿದವರಿಗೆ ಆಗಿರುವುದಿಲ್ಲ. ಮನೆಗಳು ಮುಳುಗುವುದು ಆ ನಡುವಿನ ಒಂದೆರಡು ದಿನಗಳಲ್ಲಿ.

ಕಳೆದ ಭಾನುವಾರ ತಳಕಲ್ಲಿಗೆ ಹೋಗಿದ್ದೆ. ಅಕ್ಕ ಪಡಸಾಲೆಯಲ್ಲಿ ಕೂತು, ಪಕ್ಕದ ಮನೆಯ ನೀಲವ್ವನ ಮುಂದೆ ನನ್ನನ್ನು ಹಾಸ್ಯ ಮಾಡುತ್ತಿದ್ದಳು.

"ನಾಕನೇತ್ತ ಕಲತಾಂವ ಪೇಪರಿಗೆ ಬರೀತಾನ ನೋಡ ನೀಲವ್ವಾ. ಸಾಲ್ಯಾಗ ಬರಿ ಅಂದ್ರ ಓಡಿಹೋಗ್ತಿದ್ದ!"

ನೀಲವ್ವ ನಕ್ಕು ನನ್ನ ಕಡೆ ತಿರುಗಿದಳು. "ಅಣ್ಣಾರ, ನಮ್ಮ ಮನ್ಯಾಗೂ ಶೇಂಗಾ ಅದಾವ್ರಿ. ಎಲೆಕ್ಷನ್ ಗದ್ದಲ. ಏನ ಮಾಡೂಣ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು: "ಇಂವ ಹೇಳಿದಂಗ ಮಾಡು. ಆವತ್ತ ಒಂದು ನರಪಿಳ್ಳಿ ಕೊಳ್ಳೋರಿರಲಿಲ್ಲ. ನನ್ನ ತಮ್ಮ ಇದ್ದ ಅಂತ ಅಷ್ಟರ ಬಂತು. ಇಲ್ಲಂದ್ರ ಚೀಲ ವಾಪಸ್ ಹೊತಗೊಂಡ ಬರಬೇಕಾಗಿತ್ತು."

ಒಂಬತ್ತು ವರ್ಷ ಆಕೆ ಇದನ್ನೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ನೀಲವ್ವ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಅಕ್ಕನ ಮುಂದೆ ಕೂತೆ.

"ಅಕ್ಕಾ, ದರ ಏರತೈತಿ ಅಂತ ನನಗ ಆವತ್ತ ಗೊತ್ತಿತ್ತು. ನೌಕರಿ ಹೋಗತೈತಿ ಅಂತ ಅಂಜಿ ಸುಮ್ಮನಿದ್ದೆ. ನಿನ್ನ ಕಣ್ಣ ಕಳದಾಂವ ನಾನ. ತಪ್ಪಾತು ಅಕ್ಕಾ."