ನಮ್ಮ ಮನೆಯ ಹುಚ್ಚು

ಅವ್ವನಿಗೆ ಹುಚ್ಚು ಹಿಡಿದಾಗ ಅಪ್ಪ ಅವಳನ್ನೂ ನನ್ನನ್ನೂ ತಮ್ಮನನ್ನೂ ಗಾಡಿಯಲ್ಲಿ ತಂದು, ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ಅವ್ವನ ತಾಯಿಯ ಮನೆ ಮುಂದೆ ಇಳಿಸಿ ಹೋದ. ಮತ್ತೆ ಬರಲಿಲ್ಲ. ಅವನಿಗೆ ಒಳ್ಳೆಯದಾಗದಿರಲಿ. ಅವ್ವ ಕೊಟ್ಟಿಗೆಯಲ್ಲಿ ಕೂತು, ಯಾರೂ ಇಲ್ಲದ ಕಡೆ ನೋಡಿಕೊಂಡು ಉತ್ತರ ಕೊಡುತ್ತಿದ್ದಳು.

ನನ್ನನ್ನು ನೋಡಲು ಬಂದವರೆಲ್ಲ ಮೊದಲು ಊರ ಬಾವಿಯ ಹತ್ತಿರ ವಿಚಾರಿಸುತ್ತಿದ್ದರು. ನೀರು ಸೇದುವ ಹೆಂಗಸರು ಇಂಥ ಸುದ್ದಿಗೆ ಕೂಲಿ ಕೇಳುವುದಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದುಕೊಂಡು ಬಂದವರು ಹಾಗೇ ಹಿಂದಿರುಗುತ್ತಿದ್ದರು. ಮೂರನೆಯ ಸಲ ಹೀಗಾದಾಗ ಅಜ್ಜಿ, "ಒರಗ್ನೋರ ಸಾವಾಸ ಸಾಕು. ಮನೇಲೇ ಗಂಡೈತೆ" ಎಂದು ನನ್ನನ್ನು ಅವ್ವನ ತಮ್ಮನಿಗೇ ಕಟ್ಟಿದಳು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಅವನೂ ಅದೇ ನೂಲು ಎಂದು ಯಾರೂ ಯೋಚಿಸಲಿಲ್ಲ.

ಅವನು ನಂದಿದುರ್ಗ ಎಂಬ ಚಿನ್ನದ ಗಣಿಗೆ ಇಳಿಯುತ್ತಿದ್ದ. ಮಗಳು ಹುಟ್ಟಿದ ಮೇಲೆ, ಕಲ್ಲಿನೊಳಗಿಂದ ಯಾರೋ ಬೈಯುತ್ತಾರೆಂದು ಕೆಲಸ ಬಿಟ್ಟು ಮನೆಯಲ್ಲಿ ಕೂತ. ವಂಶದಲ್ಲಿ ಯಾರಿಗಾದರೂ ಹುಚ್ಚು ಇದೆಯಾ ಎಂದು ಗಣಿ ಆಸ್ಪತ್ರೆಯ ಬಿಳಿ ಡಾಕ್ಟರು ದುಭಾಷಿಯಿಂದ ಕೇಳಿಸಿದಾಗ ಅಜ್ಜಿ, "ಯಾರ್ಗೂ ಇಲ್ಲ ಸ್ವಾಮಿ. ಗಣಿ ಗಾಳಿ ಸೋಕೈತೆ" ಎಂದಳು. ಗಾಳಿಯಂತೆ ಗಾಳಿ. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟಿದೆ.

ಮಗಳು ಮೈನೆರೆದ ವರ್ಷ ಅಜ್ಜಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದು, ನನ್ನನ್ನು ಕೇಳದೆ ಅವಳ ಜಡೆಗೆ ಹೂ ಮುಡಿಸಿದಳು. ಹೂ ಮುಡಿಸಿದರೆ ಮಾತು ಮುಗಿದಂತೆ.

"ನಿನ್ ತಮ್ಮುಂಗೇ ಮಾಡ್ಕೊಳಾಣ. ನಮ್ ಉಚ್ಚು ನಮ್ಮನ್ಯಾಗೇ ಇರ್ಲಿ" ಎಂದಳು.

ನಾನು ಆ ಹೂವನ್ನು ಕೂದಲ ಸಮೇತ ಕಿತ್ತು ಎಮ್ಮೆಯ ಮುಂದೆ ಎಸೆದೆ.

"ನನ್ ಬಾಳು ಸುಟ್ಟಿದ್ದು ಸಾಲ್ದಾ ಅಜ್ಜಿ? ಇವಳ ತಂಟೆಗೆ ಬಂದ್ರೆ ನಿನ್ ಕೈ ಮುರೀತೀನಿ."

ಆಮೇಲೆ ಹೊರಗಿನ ಗಂಡೊಂದು ಬಂತು. ಬಾವಿಯವರಿಗಿಂತ ಮೊದಲು ನಾನೇ ಎಲ್ಲ ಹೇಳಿದೆ: ನನ್ನ ಅವ್ವ ಹೀಗೆ, ಗಂಡ ಹೀಗೆ. ಮುಚ್ಚಿಟ್ಟು ಕೊಟ್ಟರೆ ನಾಳೆ ಇವಳನ್ನೂ ಗಾಡಿಯಲ್ಲಿ ತಂದು ಇಳಿಸುತ್ತಾರೆ. ನಾನು ಕೊಟ್ಟ ಮಜ್ಜಿಗೆಯನ್ನೂ ಮುಟ್ಟದೆ ಗಂಡಿನ ಕಡೆಯವರು ಎದ್ದರು.

ಮಗಳಿಗೆ ಆ ಹುಡುಗ ಹಿಡಿಸಿದ್ದನಂತೆ. ಅಂದಿನಿಂದ ನನ್ನ ಜತೆ ಮಾತು ಬಿಟ್ಟಿದ್ದಾಳೆ. ಬಿಡಲಿ. ಅವಳು ಕೊಟ್ಟಿಗೆಯಲ್ಲಿ ಒಬ್ಬಳೇ ಸಗಣಿ ಬಾಚುವಾಗ ನಾನು ಬಾಗಿಲ ಹಿಂದೆ ನಿಂತು ಕಿವಿಗೊಡುತ್ತೇನೆ. ನನ್ನ ಜತೆ ಮಾತಾಡದಿದ್ದರೆ ಬೇಡ, ಯಾರೂ ಇಲ್ಲದ ಕಡೆ ಉತ್ತರ ಕೊಡದಿದ್ದರೆ ಸಾಕು.