ಹುಟ್ಟಿದ ದಿನ ಗೊತ್ತಿಲ್ಲದವರ ಪಟ್ಟಿ

ಇದು ಎಂದೂ ಆಗುವ ಕೆಲಸವಲ್ಲ ಎಂದವರು ಮಾನ್ವಿ ಕೇಂದ್ರದ ಹಿರಿಯ ಗುಮಾಸ್ತರು. “ಹಳೇ ಡೇಟಾಬೇಸ್ ಚಲೋ ನಡದದ ಮೇಡಂ. ನಡಿಯೋ ಎತ್ತಿಗೆ ಬಾರಕೋಲ ಯಾಕ್ರಿ?”

ನಾನಿರುವುದು ರಾಯಚೂರಿನ ಒಂದು ಸಂಸ್ಥೆಯಲ್ಲಿ. ದೇವದುರ್ಗ, ಮಾನ್ವಿಯಲ್ಲಿ ಅದು ಹೆಂಗಸರಿಗೆ ಹೊಲಿಗೆ ಕಲಿಸುತ್ತದೆ. ಕಲಿತವರ ದಾಖಲೆಗಳನ್ನು ಒಂದು ಮುಕ್ತ ತಂತ್ರಾಂಶದ ಡೇಟಾಬೇಸ್‌ನಿಂದ ಇನ್ನೊಂದಕ್ಕೆ ದಾಟಿಸುವುದು, ಅದಕ್ಕೆ ಗುಮಾಸ್ತರನ್ನು ಒಪ್ಪಿಸುವುದು ನನ್ನ ಪಾಲಿನ ಕೆಲಸ. ಎರಡೂ ಪುಕ್ಕಟೆ. ಹಾಗಾದರೆ ಲಾಭವೇನು ಎಂದು ಎಲ್ಲರೂ ಕೇಳುವವರೇ. ಹಳೆಯದು ಏನು ತುಂಬಿದರೂ ನುಂಗುತ್ತದೆ, ಹೊಸದು ತಪ್ಪನ್ನು ತಡೆದು ಕೇಳುತ್ತದೆ ಎಂದು ಹೇಳಿ ಹೇಳಿ ದಣಿದಿದ್ದೆ.

ದೇವದುರ್ಗದವರು ನನ್ನ ಎರಡನೆಯ ಭೇಟಿಯಲ್ಲೇ ಒಪ್ಪಿದರು, ಮಾನ್ವಿಯವರು ಕೊನೆಗೆ ಒಲ್ಲದ ಮನಸ್ಸಿನಿಂದ. ಮಾನ್ವಿಯಲ್ಲಿ ದಾಟಿಸುವ ದಿನ ಹೊಸದು ಒಂದಷ್ಟು ಹೆಂಗಸರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಅವರ ಹುಟ್ಟಿದ ದಿನದ ಜಾಗದಲ್ಲಿ ಬರೀ ಸೊನ್ನೆಗಳು. ಶಾಲೆಯ ಮೆಟ್ಟಿಲು ಹತ್ತದವರು ದಿನಾಂಕ ಎಲ್ಲಿಂದ ತಂದಾರು? ಗುಮಾಸ್ತರು ಸೊನ್ನೆ ಒತ್ತಿದ್ದರು. ಆ ಪಟ್ಟಿಯಲ್ಲಿ ಪೋತ್ನಾಳದ ನನ್ನ ಚಿಗವ್ವ, ಅಂದರೆ ಚಿಕ್ಕಮ್ಮನೂ ಇದ್ದಳು. ಇನ್ನು ಹೊಸದರಿಂದಲೇ ಅಚ್ಚಾಗಬೇಕಿದ್ದ ಹೊಲಿಗೆಯ ಪ್ರಮಾಣಪತ್ರವನ್ನು ಸೋಮವಾರ ತೋರಿಸಿದರೆ ಊರ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಅವಳದು. ಇಲ್ಲವಾದರೆ ಮತ್ತೆ ಭತ್ತದ ಗದ್ದೆಯಲ್ಲಿ ಕಳೆ ಕೀಳುವುದು.

“ನಾ ಹೇಳಿದ್ದಿಲ್ಲೇನ್ರಿ?” ಎಂದರು ಗುಮಾಸ್ತರು. “ಎಲ್ಲಾರಿಗೂ ಜೂನ್ ಒಂದು ಹಾಕಿ ಕೈ ತೊಳಕೋರಿ. ಸಾಲಿ ಮಾಸ್ತರು ಹಾಕ್ತಿದ್ದಿಲ್ಲೇನು?”

ಹಾಕುತ್ತಿದ್ದರು. ನನಗೂ ಹಾಕಿದ್ದಾರೆ. ನಮ್ಮ ಮನೆಯಲ್ಲಿ ಮೊದಲು ಪದವಿ ಮುಗಿಸಿದವಳು ನಾನು. ಶಾಲೆಯಿಂದ ಹಿಡಿದು ನನ್ನ ಕಾಗದಗಳಲ್ಲಿ ಇರುವುದನ್ನೆಲ್ಲ ಕಷ್ಟಪಟ್ಟು ಗಳಿಸಿದ್ದೇನೆ, ಆ ಜೂನ್ ಒಂದು ಮಾತ್ರ ಸುಳ್ಳು. ಅದನ್ನು ಚಿಗವ್ವನಿಗೂ ಅಂಟಿಸಲು ಮನಸ್ಸಾಗಲಿಲ್ಲ.

ಸೊನ್ನೆಗಳನ್ನು ತೆಗೆದು ಜಾಗ ಖಾಲಿ ಬಿಟ್ಟೆ. ಹೊಸದು ತಕರಾರಿಲ್ಲದೆ ಒಪ್ಪಿತು. ಖಾಲಿ ಇದ್ದಲ್ಲಿ ಪ್ರಮಾಣಪತ್ರದ ಮೇಲೆ ‘ತಿಳಿದಿಲ್ಲ’ ಎಂದು ಅಚ್ಚಾಗುವಂತೆ ಮಾಡುವಷ್ಟರಲ್ಲಿ ಶನಿವಾರ ಸಂಜೆಯಾಗಿತ್ತು. ಗುಮಾಸ್ತರು ಒಂದೊಂದು ಹೆಸರನ್ನೂ ತಾಳೆ ನೋಡಿದರು. “ಒಬ್ಬಾಕಿನೂ ಬಿಟ್ಟಿಲ್ಲ ಬಿಡ್ರಿ. ಇನ್ನ ಹಳೇದಕ್ಕ ಬೀಗ ಹಾಕ್ರಿ.” ಖುಷಿಪಡಲೂ ನನ್ನಲ್ಲಿ ತ್ರಾಣವಿರಲಿಲ್ಲ.

ಭಾನುವಾರ ಪೋತ್ನಾಳಕ್ಕೆ ಹೋಗಿ ಪ್ರಮಾಣಪತ್ರವನ್ನು ಚಿಗವ್ವನ ಕೈಗಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು.

“ಇವತ್ತೇ ಲ್ಯಾಮಿನೇಷನ್ ಮಾಡ್ಸಿಕೊಡು ಯವ್ವಾ. ನಾಳಿ ಸಾಲ್ಯಾಗ ನಾಕು ಮಂದಿ ಮುಟ್ಟಿ ನೋಡ್ತಾರ.”