ಸತ್ವಾಕ್ಕೆ ನೀರು ತಂದ ಲಾರಿ

ದುಬೈಯಲ್ಲಿ ‘ಹಳೆಯದು’ ಎನ್ನಿಸಿಕೊಳ್ಳಲು ಯಾವ ವಸ್ತುವೂ ಬಹುಕಾಲ ಬಾಳಬೇಕಾಗಿಲ್ಲ. ನನ್ನ ಹೊಸ ಕಾರಿನ ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ ಹರಿಯುವ ಮೊದಲೇ ಗೆಳೆಯರು “ಇನ್ನೂ ಇದೇ ಗಾಡಿಯಾ?” ಎಂದು ಕುಶಲ ವಿಚಾರಿಸತೊಡಗಿದ್ದರು. ಇಂಥ ಊರಲ್ಲಿ ಜೀರ್ಣವಾದದ್ದಕ್ಕೆ ಉದ್ಧಾರವಿಲ್ಲ, ವಿಸರ್ಜನೆಯೇ ಗತಿ ಎಂದು ನಂಬಿದ್ದವನು ನಾನು. ನನ್ನ ತಲೆಗೂದಲಿಗೆ ಮಾತ್ರ ತಪ್ಪದೆ ಬಣ್ಣ ಹಚ್ಚಿ ವಿನಾಯಿತಿ ಕೊಟ್ಟುಕೊಂಡಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಹಮೀದ್ ಬ್ಯಾರಿಗಳ ಲಾರಿ.

ನಮ್ಮೂರು ಉಳ್ಳಾಲದ ಹಮೀದ್ ಬ್ಯಾರಿಗಳದು ದುಬೈಯ ಹಳೆಯ ಬಡಾವಣೆ ಸತ್ವಾದಲ್ಲಿ ವಾಹನಗಳ ಬಿಡಿಭಾಗದ ಅಂಗಡಿ. ಆ ಕಡೆಗೆ ಇನ್ನೂ ನಲ್ಲಿ ಬಾರದಿದ್ದ ಕಾಲದಲ್ಲಿ, ಹೊಸ ಮದುವೆಯ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದ ಅವರು ನೀರಿನ ಲಾರಿ ಓಡಿಸುತ್ತಿದ್ದರು. ಉದ್ದ ಮೂತಿಯ ಆ ಡೀಸೆಲ್ ಲಾರಿ ಕೆಲಸದಿಂದ ನಿವೃತ್ತವಾದಾಗ ಮಾಲೀಕರಿಂದ ಕೇಳಿ ಪಡೆದು, ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿಕೊಂಡಿದ್ದರು. ಮೆಟ್ರೋ ಓಡತೊಡಗಿ ಕೆಲವು ವರ್ಷಗಳಾದ ಮೇಲೆ ಆ ಜಾಗದಲ್ಲಿ ಕಟ್ಟಡ ಏಳುವುದೆಂದು ನಿಶ್ಚಯವಾಯಿತು. ಶುಕ್ರವಾರದೊಳಗೆ ತೆಗೆಯದಿದ್ದರೆ ಲಾರಿಗೆ ಗುಜರಿಯೇ ಗತಿ.

“ಕೊಟ್ಟು ಖಲಾಸ್ ಮಾಡಿ ಮಾರಾಯ್ರೇ,” ಎಂದೆ ನಾನು.

“ಇದರ ನೀರು ಕುಡಿದವರು ಈ ಗಲ್ಲಿಯಲ್ಲಿ ಈಗಲೂ ಇದ್ದಾರೆ. ತುಂಡು ಮಾಡ್ಲಿಕ್ಕೆ ಹೇಗೆ ಕೊಡುದು?” ಎಂದರು ಅವರು ಮೆಲ್ಲಗೆ.

ಆ ವಾರ ಪ್ರತಿ ಸಂಜೆ ಗೆಳೆಯರೆಲ್ಲ ಅಲ್ಲಿ ಸೇರಿದೆವು. ಟ್ಯಾಂಕಿಯ ಕೆಸರು ತೆಗೆದು, ಪೈಪು ಬದಲಿಸಿ, ಹೊಸ ಬ್ಯಾಟರಿ ಕೂರಿಸಿದರು. ಯಂತ್ರವಿದ್ಯೆಯಲ್ಲಿ ನನ್ನ ಕೊಡುಗೆ ಚಹಾ ತಂದುಕೊಟ್ಟದ್ದು ಮತ್ತು ಬೇಡದ ಸಲಹೆ ಕೊಟ್ಟದ್ದು. ಎಲ್ಲ ಮುಗಿದರೂ ಒಂದು ಪ್ರಶ್ನೆ ಉಳಿದಿತ್ತು: ಲಾರಿ ಹೊರಟರೂ ಹೋಗುವುದೆಲ್ಲಿಗೆ?

ಶುಕ್ರವಾರ ಬೆಳಿಗ್ಗೆ ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಮತ್ತೆ ಒಮ್ಮೆಲೇ ನೆಲ ನಡುಗುವಂತೆ ಗುಡುಗಿತು. ಆ ಸದ್ದಿಗೆ ಎದುರುಮನೆಯ ಗೇಟು ತೆರೆದು ಸೈಫ್ ಎಂಬ ವೃದ್ಧ ಅರಬ್ಬರು ಊರುಗೋಲಿನೊಡನೆ ಹೊರಬಂದರು. ಲಾರಿಯ ಮೂತಿ ಸವರಿ, ಆ ತಲೆಮಾರಿನವರಿಗೆ ಸಹಜವಾದ ಹಿಂದಿಯಲ್ಲಿ ಅವರು ಹೇಳಿದ್ದಿಷ್ಟು: “ಈ ಸದ್ದು ಕೇಳಿದರೆ ನನ್ನ ತಾಯಿ ಪಾತ್ರೆ ಹಿಡಿದು ಓಡಿ ಬರುತ್ತಿದ್ದಳು. ಎಲ್ಲಿಗೆ ಒಯ್ಯುತ್ತೀ ಇದನ್ನು?”

“ಜಾಗ ಮಾಫಿ, ಬಾಬಾ,” ಎಂದು ಅರಬ್ಬಿ ಬೆರೆಸಿ ಜಾಗವಿಲ್ಲವೆಂದರು ಹಮೀದ್ ಬ್ಯಾರಿಗಳು.

ಮುದುಕರು ತಮ್ಮ ಗೇಟಿನ ಎರಡೂ ಬಾಗಿಲುಗಳನ್ನು ಹಾರುಹೊಡೆದು, ಊರುಗೋಲು ಬೀಸಿ, “ಯಲ್ಲಾ, ನಡಿ ಒಳಗೆ” ಎಂದರು. ಲಾರಿ ಗಲ್ಲಿ ದಾಟಿ ಅವರ ಅಂಗಳದ ಖರ್ಜೂರದ ಮರದಡಿ ನಿಂತಿತು.

ಮರುವರ್ಷ ಅಬುಧಾಬಿಯಲ್ಲಿ ಹಳೆಯ ವಾಹನಗಳ ಪ್ರದರ್ಶನ ನಡೆದಾಗ ಅದನ್ನೂ ಟ್ರೇಲರಿನ ಮೇಲೆ ಒಯ್ದೆವು. ಥಳಥಳಿಸುವ ಕಾರುಗಳ ನಡುವೆ ಮಾಸಿದ ಹಸಿರು ಬಣ್ಣದಲ್ಲೇ ಅದು ನಿಂತಿತು; ಜನ ಮಾತ್ರ ಅದರ ಸುತ್ತಲೇ ನೆರೆದರು. ಅಂಗಳದ ಯಜಮಾನರೇ ಲಾರಿಯ ಯಜಮಾನರೆಂದು ತಿಳಿದ ವ್ಯವಸ್ಥಾಪಕರೊಬ್ಬರು ಸೈಫ್ ಅವರ ಕೈಕುಲುಕಿದರು. ಮುದುಕರು ಅಲ್ಲವೆಂದು ತಲೆಯಾಡಿಸಿ, ಹಮೀದ್ ಬ್ಯಾರಿಗಳನ್ನು ಭುಜ ಹಿಡಿದು ಮುಂದೆ ತಂದರು.

“ಗಾಡಿ ಇವನದು. ನೆರಳು ಮಾತ್ರ ನನ್ನದು.”

ಯಾರೋ ಎಂಜಿನ್ ಸದ್ದು ಕೇಳಬೇಕೆಂದರು. ಹಮೀದ್ ಬ್ಯಾರಿಗಳು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಚಾಲಕನ ಆಸನಕ್ಕೆ ಹತ್ತಿದರು. ಲಾರಿ ಗುಡುಗಿತು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರ ಕಿವಿಯ ಬಳಿ ಬಾಗಿ, ಅವರು ವಿಚಾರಿಸದಿದ್ದರೂ, ನಾನು ಗಟ್ಟಿಯಾಗಿ ಹೇಳಿದೆ: “ಅವರು ನಮ್ಮ ಊರಿನವರು.”